ಮೀನು ಹುರಿಯಲು ಬಿಡದ ಮನೆ

ನಾನು ಮಾಡುತ್ತಿದ್ದ ಕೆಲಸಕ್ಕೆ ಸರಿಯಾದ ಹೆಸರು ಕೊನೆಯವರೆಗೂ ಸಿಗಲಿಲ್ಲ. ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಗೈಡ್ ಈರಣ್ಣ ಎನ್ನುತ್ತಿದ್ದರು, ಇಳಕಲ್ಲಿನಲ್ಲಿ ಮನಿ ಈರಣ್ಣ, ಹುನಗುಂದದ ಕಚೇರಿಗಳಲ್ಲಿ ಫಾರಿನ್ ಈರಣ್ಣ. ನನ್ನ ಹೆಂಡತಿಯನ್ನು ಯಾರಾದರೂ ಕೇಳಿದರೆ, "ಊರ ಮಂದೀ ಮನಿ ಚಿಂತಿ ಮಾಡ್ತಾರ, ನಮ್ಮನಿ ಬಿಟ್ಟು" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಮೊದಲು ಮೇಣಬಸದಿ ಗುಹೆಗಳನ್ನು ತೋರಿಸುತ್ತಿದ್ದೆ. ಆಮೇಲೆ, ಹೊರಗಿನಿಂದ ಬಂದು ನಮ್ಮ ಕಡೆ ಆರು ತಿಂಗಳೋ ವರ್ಷವೋ ಇರಬೇಕು ಎನ್ನುವವರಿಗೆ ಮನೆ ಹುಡುಕಿ ಕೊಟ್ಟು, ಅವರು ನೆಲೆ ನಿಲ್ಲುವ ತನಕ ಜೊತೆಗಿರುವುದೇ ನನ್ನ ಕೆಲಸವಾಯಿತು. ಬಂಡೆ ಹತ್ತಲು ಬಂದವರು, ಶಾಸನ ಓದಲು ಬಂದವರು, ಮಹಾಕೂಟದ ಗುಡಿಗಳ ಅಳತೆ ತೆಗೆಯಲು ಬಂದವರು, ರಾಮಥಾಳದ ನೀರಾವರಿ ಕೆಲಸಕ್ಕೆ ಬಂದ ಇಂಜಿನಿಯರುಗಳು, ಹೀಗೆ ಬಗೆಬಗೆಯ ಮಂದಿ. ಈಗ ಮೊಣಕಾಲು ಕೈಕೊಟ್ಟಿವೆ, ಕೆಲಸ ಬಿಟ್ಟಿದ್ದೇನೆ.

ಹೊಸದಾಗಿ ಈ ಕೆಲಸಕ್ಕೆ ಇಳಿದವರು ಬಂದು, "ಕಾಕಾ, ಇದರಾಗಿನ ಗುಟ್ಟೇನು?" ಎಂದು ಕೇಳುತ್ತಾರೆ. ಗುಟ್ಟು ಅಂತ ಒಂದಿದ್ದರೆ ನಾನು ಇಷ್ಟು ಚಪ್ಪಲಿ ಸವೆಸುತ್ತಿರಲಿಲ್ಲ. ನನಗೆ ಹೊದಿಸಿದ ಶಾಲು, ಕೊಟ್ಟ ಫಲಕಗಳ ವಿಷಯ ಬಿಡುತ್ತೇನೆ. ಶಾಲುಗಳನ್ನು ಹೆಂಡತಿ ದಿಂಬಿಗೆ ತುಂಬಿದ್ದಾಳೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೆ ಬೇಕಾದದ್ದು ತೆಗೆದುಕೊಳ್ಳಿ.

ನನಗೆ ಈ ಕೆಲಸ ಕಲಿಸಿದವರು ಬಾದಾಮಿಯಲ್ಲಿ ಒಂದು ಸಣ್ಣ ಲಾಡ್ಜ್ ನಡೆಸುತ್ತಿದ್ದ ನಿವೃತ್ತ ಮಾಸ್ತರು. ಲಾಡ್ಜನ್ನೂ ಅವರು ಶಾಲೆಯಂತೆಯೇ ನಡೆಸುತ್ತಿದ್ದರು. ಗಿರಾಕಿ ತಡವಾಗಿ ಎದ್ದರೆ ಬಾಗಿಲು ಬಡಿದು ಎಬ್ಬಿಸುವ ಮನುಷ್ಯ. ಅವರ ಕೈಕೆಳಗೆ ನಾನು ಹುಡುಕಿಕೊಟ್ಟ ಮೊದಲ ಮನೆ ಕೆರೆಯ ದಂಡೆಯದು. ಶಾಸನ ಓದುವ ಪ್ರೊಫೆಸರರೊಬ್ಬರು, ಬಿಳಿ ಮನುಷ್ಯ, ನನಗೆ ನಿಶ್ಶಬ್ದ ಬೇಕು ಎಂದಿದ್ದರು. ಸಂಜೆ ಹೊತ್ತು ಕರೆದುಕೊಂಡು ಹೋಗಿ ತೋರಿಸಿದೆ. ಕೆರೆ, ಗುಡ್ಡ, ತಂಗಾಳಿ ನೋಡಿ ನನ್ನ ಕೈ ಹಿಡಿದು ಕುಲುಕಿ, ಅಂದೇ ಸಾಮಾನು ತಂದಿಟ್ಟರು. ಮರುದಿನ ಬೆಳಕು ಹರಿಯುವ ಮೊದಲೇ ಊರ ಹೆಂಗಸರೆಲ್ಲ ಬಟ್ಟೆ ಗಂಟು ಹೊತ್ತು ಅವರ ಕಿಟಕಿಯ ಕೆಳಗಿನ ಮೆಟ್ಟಿಲಿಗೆ ಬಂದು ಒಗೆಯಲು ಶುರುಮಾಡಿದರು. ಆ ಕೆರೆಯ ಸುತ್ತ ಬಂಡೆ ಇರುವುದರಿಂದ ಒಂದು ಏಟಿಗೆ ಮೂರು ಏಟು ಕೇಳುತ್ತದೆ. ವಾರ ಮುಗಿಯುವಷ್ಟರಲ್ಲಿ ಪ್ರೊಫೆಸರರು ಕೆಂಗಣ್ಣು ಮಾಡಿಕೊಂಡು ಲಾಡ್ಜಿಗೆ ವಾಪಸು ಬಂದರು.

ಮಾಸ್ತರು ಎಲ್ಲರ ಎದುರು ನನ್ನನ್ನು ನಿಲ್ಲಿಸಿ ಕೇಳಿದರು. "ಲೇ ಈರ್ಯಾ, ನೀ ಏನ್ ತೋರಿಸಿದಿ ಅವರಿಗೆ?"

"ಮನಿ ತೋರಿಸಿದ್ನಿರಿ."

"ಗ್ವಾಡಿ ತೋರಿಸೀದಿ. ನೀರು ಬರೋ ಹೊತ್ತಿಗೊಮ್ಮೆ ಹೋಗಿ ನೋಡಬೇಕು, ಬ್ಯಾಸಿಗ್ಯಾಗ ಮಧ್ಯಾಹ್ನ ಒಮ್ಮೆ, ಸಂತಿ ದಿನ ಒಮ್ಮೆ. ಬಾಜೂ ಮನಿ ಕಟ್ಟೀ ಮ್ಯಾಲ ಕುಂತು ಚಹಾ ಕುಡಿದು ಬರಬೇಕು. ಆಮ್ಯಾಲ ಆ ಮನಿ ಬಾಗಲಾ ತಗೀಬೇಕು."

ಅಂದಿನಿಂದ ನಾನು ಆ ಪದ್ಧತಿ ಬಿಡಲಿಲ್ಲ. ಆದರೂ ತಪ್ಪುವುದು ತಪ್ಪಲಿಲ್ಲ. ರಾಮಥಾಳದ ಕೆಲಸಕ್ಕೆ ಬಂದ ಒಬ್ಬ ಗಡ್ಡದ ಇಂಜಿನಿಯರಿಗೆ ಹುನಗುಂದದಲ್ಲಿ ಮನೆ ಬೇಕಿತ್ತು. ಕೋರ್ಟಿನ ಹಿಂದಿನ ಓಣಿಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ನೀರಿನ ಹೊತ್ತು ನೋಡಿದೆ, ಸಂತೆ ದಿನ ನೋಡಿದೆ, ಮಧ್ಯಾಹ್ನದ ಸೆಕೆ ನೋಡಿದೆ. ಕೋರ್ಟಿಗೆ ಬೇಸಿಗೆ ರಜೆ ಇದ್ದದ್ದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ರಜೆ ಮುಗಿದ ಮೊದಲ ದಿನ ಅವರು ಬಾಗಿಲು ತೆಗೆದರೆ ಕಟ್ಟೆಯ ತುಂಬ ಮಂದಿ. ಸುತ್ತಲಿನ ಹಳ್ಳಿಗಳಿಂದ ತಾರೀಕಿಗೆ ಬಂದವರು ರೊಟ್ಟಿ ಗಂಟು ಬಿಚ್ಚಿಕೊಂಡು ಕೂತಿದ್ದಾರೆ, ವಾದಿ ಈ ತುದಿಗೆ, ಪ್ರತಿವಾದಿ ಆ ತುದಿಗೆ. ಆ ಕಟ್ಟೆ ಹಿಂದಿನಿಂದಲೂ ಅವರದೇ. ಇಂಜಿನಿಯರ್ ನನಗೆ ಫೋನ್ ಮಾಡಿ ಬೈದರು. ನಾನು ಬೇರೆ ಮನೆ ಹುಡುಕುತ್ತಾ ಇದ್ದೆ, ಅಷ್ಟರಲ್ಲಿ ಅವರೇ ಒಂದು ನೀರಿನ ಮಡಕೆ ತಂದು ಕಟ್ಟೆಯ ಮೂಲೆಯಲ್ಲಿ ಇಟ್ಟರು. ಮನೆ ಬದಲಿಸಲಿಲ್ಲ. ಅವರು ಊರು ಬಿಟ್ಟು ಹೋದ ಮೇಲೂ ಕೆಲವರು ನನ್ನನ್ನು "ನೀರಿನ ಸಾಹೇಬ್ರು ಎಲ್ಲಿ ಹೋದ್ರು?" ಎಂದು ಕೇಳುತ್ತಿದ್ದರು.

ಮೊದಲೆಲ್ಲ ಬರುವವರು ನನ್ನ ಬಾಯಿಮಾತಿನ ಮೇಲೆ ಬರುತ್ತಿದ್ದರು. ಆಮೇಲೆ ಮೊಬೈಲ್ ಬಂತು. ಮನೆಯ ವಿಡಿಯೋ ಕಳಿಸು, ಓಣಿಯ ವಿಡಿಯೋ ಕಳಿಸು, ಇಂಟರ್ನೆಟ್ ಎಷ್ಟು ವೇಗ ಅಳೆದು ಹೇಳು ಎನ್ನತೊಡಗಿದರು. ಪರದೇಶದವರನ್ನು ಮನೆಯಲ್ಲಿ ಇಟ್ಟುಕೊಂಡರೆ ಪೊಲೀಸರಿಗೆ ತಿಳಿಸುವ ಕೆಲಸವೂ ಕಂಪ್ಯೂಟರಿಗೆ ಹೋಯಿತು. ಇದರಿಂದ ನನ್ನ ಓಡಾಟ ಕಡಿಮೆಯಾಯಿತು, ಸುಳ್ಳು ಹೇಳಲಾರೆ. ಆದರೆ ವಿಡಿಯೋದಲ್ಲಿ ವಾಸನೆ ಬರುವುದಿಲ್ಲ, ಮಗ್ಗುಲ ಮನೆಯವರ ಸ್ವಭಾವ ಕಾಣುವುದಿಲ್ಲ. ಜನ ಎರಡು ಊರುಗಳನ್ನು ಎರಡು ಎಮ್ಮೆಗಳಂತೆ ಅಕ್ಕಪಕ್ಕ ನಿಲ್ಲಿಸಿ ಹಲ್ಲು, ಕೊಂಬು, ಕೆಚ್ಚಲು ನೋಡತೊಡಗಿದರು. ಹಾಗೆ ಹೋಲಿಸಿದವರಲ್ಲಿ ಮರಿಸೆಲ್ ಎಂಬ ಹೆಣ್ಣುಮಗಳಷ್ಟು ಅಚ್ಚುಕಟ್ಟಾಗಿ ಹೋಲಿಸಿದವರನ್ನು ನಾನು ನೋಡಿಲ್ಲ.

ಈಕೆ ಫಿಲಿಪೈನ್ಸ್ ದೇಶದವಳು. ಇಳಕಲ್ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕೈಕೆಲಸದ ಅಧ್ಯಯನಕ್ಕೆಂದು ಎರಡು ವರ್ಷದ ಅನುಮತಿ ಪಡೆದು ಬಂದಿದ್ದಳು. ಅದಕ್ಕಾಗಿ ಎಷ್ಟೋ ವರ್ಷ ಅರ್ಜಿ ಹಾಕುತ್ತಾ ಕಾದವಳು. ಜೊತೆಯಲ್ಲಿ ತಾಯಿ ಲೂರ್ದೆಸ್, ಎಪ್ಪತ್ತು ದಾಟಿದ ಹೆಂಗಸು. ತಾಯಿಗೆ ತನ್ನ ಊರಿನ ಮಾತು ಬಿಟ್ಟು ಬೇರೆ ಭಾಷೆ ಬಾರದು, ಇದ್ದ ಮಾತನ್ನೂ ಆಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹಾಗಾಗಿದ್ದಾರೆ ಎಂದು ಮಗಳು ಹೇಳಿದಳು.

ಆ ಗಂಡನ ಕತೆಯನ್ನು ಬಸ್ಸಿನಲ್ಲಿ ಹೇಳಿದಳು. ಮನುಷ್ಯ ಆಯುಷ್ಯವೆಲ್ಲ ಹಡಗಿನಲ್ಲಿ ದುಡಿದವರು. ನಿವೃತ್ತಿಯಾದ ಮೇಲೆ ಎಲ್ಲಿ ಇರಬೇಕೆಂದು ತಮ್ಮ ದೇಶದ ಎರಡು ಸಣ್ಣ ಪಟ್ಟಣಗಳನ್ನು ಹೋಲಿಸುತ್ತಾ ಕೂತರು. ಒಂದಕ್ಕೆ ಸಮುದ್ರ ಹತ್ತಿರ, ಇನ್ನೊಂದಕ್ಕೆ ತಂಪು ಹವೆ. ಒಂದರಲ್ಲಿ ಬಾಡಿಗೆ ಕಡಿಮೆ, ಇನ್ನೊಂದರಲ್ಲಿ ಆಸ್ಪತ್ರೆ ಚೆನ್ನ. ಹೊರದೇಶದಿಂದ ಬಂದು ಆ ಊರುಗಳಲ್ಲಿ ನೆಲೆಸಿದವರನ್ನೆಲ್ಲ ಕೇಳಿ ಕೇಳಿ, ಕೊನೆಗೆ ಎಲ್ಲ ಅನುಕೂಲವಿರುವ ಊರನ್ನೇ ಆರಿಸಿ ಹೆಂಡತಿಯನ್ನು ಹುಟ್ಟೂರಿನಿಂದ ಅಲ್ಲಿಗೆ ಕರೆದೊಯ್ದರು. ಕೆಳಗೇ ಅಂಗಡಿ, ಪಕ್ಕದಲ್ಲೇ ದವಾಖಾನೆ. ವರ್ಷದೊಳಗೆ ತೀರಿಕೊಂಡರು. ಗುರುತಿನವರು ಒಬ್ಬರೂ ಇಲ್ಲದ ಊರಿನಲ್ಲಿ ಲೂರ್ದೆಸ್ ಒಬ್ಬರೇ ಉಳಿದರು.

"ಅಪ್ಪ ಸರಿಯಾಗಿ ಹೋಲಿಸಲಿಲ್ಲ. ಏನನ್ನೋ ಬಿಟ್ಟುಬಿಟ್ಟರು," ಎಂದಳು ಮರಿಸೆಲ್. "ನಾನು ಬಿಡುವುದಿಲ್ಲ."

ಅವಳ ಲೆಕ್ಕಾಚಾರ ಹೀಗಿತ್ತು. ಕೆಲಸ ಇರುವುದು ಇಳಕಲ್ಲಿನಲ್ಲಿ. ಆದರೆ ತಾಯಿಗೆ ಬಾದಾಮಿ ಒಗ್ಗಿದರೆ ಬಾದಾಮಿಯಲ್ಲೇ ಮನೆ ಮಾಡಿ, ತಾನು ದಿನಾ ಬಸ್ಸಿನಲ್ಲಿ ಓಡಾಡುವುದು. ಎರಡೂ ಊರಲ್ಲಿ ಒಂದೊಂದು ತಿಂಗಳು ಇದ್ದು ನೋಡುವುದು. ಎರಡರಲ್ಲೂ ತಾಯಿ ಹೀಗೇ ಇದ್ದರೆ ಅಧ್ಯಯನ ಕೈಬಿಟ್ಟು ಇಬ್ಬರೂ ವಾಪಸು. ಅದಕ್ಕೆ ಟಿಕೆಟ್ಟನ್ನೂ ಮೊದಲೇ ಮಾಡಿಸಿದ್ದಳು. ಇದ್ದು ನೋಡಬೇಕು ಎಂಬುದು ನನ್ನದೇ ಪದ್ಧತಿ, ಆದ್ದರಿಂದ ನನಗೆ ಆ ಹುಡುಗಿ ಬಹಳ ಹಿಡಿಸಿದಳು. ಅವಳ ಕೆಲಸ ನಿಲ್ಲಬಾರದು ಎಂದು ಮನಸ್ಸಿನಲ್ಲೇ ಹಟ ತೊಟ್ಟೆ.

ಲೂರ್ದೆಸ್ ಅವರ ಊಟ ಒಂದೇ: ಅನ್ನ, ಒಣಮೀನು. ಊರಿನಿಂದ ತಂದ ಒಣಮೀನು ಒಂದು ತಗಡಿನ ಡಬ್ಬಿಯಲ್ಲಿತ್ತು. ಅದು ಹುರಿದಿಟ್ಟರೆ ನಾಲ್ಕು ತುತ್ತು ತಿನ್ನುತ್ತಾರೆ, ಇಲ್ಲದಿದ್ದರೆ ಅದೂ ಇಲ್ಲ. ಬಾದಾಮಿಯಲ್ಲಿ ಮೀನು ಮಾಡಿಕೊಳ್ಳಿ, ಏನು ಬೇಕಾದರೂ ಮಾಡಿಕೊಳ್ಳಿ ಎನ್ನುವ ಮಾಲೀಕರನ್ನು ಹುಡುಕಿ, ಗುಡ್ಡ ಕಾಣುವ ಹೊಸ ಮನೆ ಕೊಡಿಸಿದೆ. ಮನೆಯಲ್ಲಿ ಎಲ್ಲ ಇತ್ತು. ಅಂಗಡಿಯವರಿಗೂ ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು. ಮರಿಸೆಲ್ ತನ್ನ ಮೊಬೈಲಿನಲ್ಲಿ ಬಾದಾಮಿಯ ಕೆಳಗೆ ಒಂದರ ಹಿಂದೆ ಒಂದು ಸರಿ ಗುರುತು ಹಾಕುತ್ತಾ ಹೋದಳು.

ತಿಂಗಳ ಕೊನೆಗೆ ಒಂದು ಮಧ್ಯಾಹ್ನ ನಾನು ಹೋದೆ. ಮಂಗಗಳ ಕಾಟಕ್ಕೆ ಕಿಟಕಿಗಳೆಲ್ಲ ಮುಚ್ಚಿದ್ದವು. ಆ ಹೆಂಗಸು ಮೀನು ಹುರಿದುಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾ ತಿನ್ನುತ್ತಿದ್ದರು. ಬೆಳಗಿನಿಂದ ಹೊಸ್ತಿಲು ದಾಟಿಲ್ಲ, ದಾಟುವ ಕಾರಣವೂ ಇಲ್ಲ. ನಮಸ್ಕಾರ ಮಾಡಿದರೆ ತಲೆ ಆಡಿಸಿದರು, ಅಷ್ಟೇ. ಒಂದೇ ತಿಂಗಳಲ್ಲಿ ಹೆಂಗಸು ಇನ್ನೂ ಇಳಿದುಹೋಗಿದ್ದರು.

ಇಳಕಲ್ಲಿನಲ್ಲಿ ಒಂದೇ ತಿಂಗಳ ಮಟ್ಟಿಗೆ ಸಿಕ್ಕದ್ದು ಗೌರಮ್ಮನವರ ಮನೆ ಮಾತ್ರ. ಗೌರಮ್ಮ ಗಂಡ ಇಲ್ಲದ ಹೆಂಗಸು, ಮಕ್ಕಳು ಬಾಗಲಕೋಟೆಯಲ್ಲಿ ಅಂಗಡಿ ಇಟ್ಟಿದ್ದಾರೆ. ಇವರು ಬೆಳಗಾಗೆದ್ದು ಲಿಂಗಪೂಜೆ ಮಾಡದೆ ನೀರು ಮುಟ್ಟುವವರಲ್ಲ. ಮುಂದಿನ ಎರಡು ಖೋಲಿ ಬಾಡಿಗೆಗಿದ್ದವು, ಅಡುಗೆಮನೆ ಮಾತ್ರ ಒಂದೇ. ಮುಚ್ಚಿಟ್ಟು ಮನೆ ಕೊಡಿಸುವ ಚಟ ನನಗಿಲ್ಲ. ಮೊದಲೇ ಹೇಳಿಬಿಟ್ಟೆ.

"ಅಕ್ಕಾರ, ಅವರು ಮೀನು ತಿನ್ನೂ ಮಂದಿ."

"ತಿನ್ನಲಿ, ಅವರ ಹೊಟ್ಟಿ ಅವರದು," ಎಂದರು ಗೌರಮ್ಮ. "ನನ್ನ ಒಲಿ ಮ್ಯಾಲ ಬ್ಯಾಡ, ನನ್ನ ಮನ್ಯಾಗ ಬ್ಯಾಡ."

"ಆ ಯಮ್ಮಗ ಅದು ಬಿಟ್ಟು ಏನೂ ಸೇರೂದಿಲ್ರಿ. ಹಿತ್ತಲದಾಗ ಮಾಡ್ಕೊಂಡ್ರ?"

"ಹಿತ್ತಲ ಯಾರ್ದು ಈರಣ್ಣ? ಅದೂ ನಂದ ಅಲ್ಲೇನು?"

ಮರಿಸೆಲ್‌ಗೆ ಹೇಳಿದೆ. ಅವಳ ಮುಖ ಬಾಡಿತು. ಮೊಬೈಲು ತೆಗೆದು ಇಳಕಲ್ಲಿನ ಕೆಳಗೆ ಕಾಟು ಹೊಡೆದಳು. ಆದರೆ ಗೌರಮ್ಮ ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಎರಡು ಮನೆ ಆಚೆ ಹುಸೇನಬಿ ಎಂಬ ಹೆಂಗಸು ಮನೆಯಲ್ಲಿ ರಾಟೆ ಇಟ್ಟುಕೊಂಡು ಮಗ್ಗದವರಿಗೆ ನೂಲು ಸುತ್ತಿಕೊಡುತ್ತಿದ್ದರು. ಇವರಿಬ್ಬರೂ ಒಂದೇ ಕಾಲಕ್ಕೆ ಆ ಓಣಿಗೆ ಸೊಸೆಯರಾಗಿ ಬಂದವರು. ಗೌರಮ್ಮ ಕಟ್ಟೆಯ ಮೇಲೆ ನಿಂತೇ ಕೂಗಿದರು.

"ಹುಸೇನಬೀ, ನನ್ನ ಮನಿಗೆ ಒಂದು ಮುದುಕಿ ಬರಾಕತ್ತಾಳ. ದಿನಾ ಮಧ್ಯಾಹ್ನ ಮೀನು ಹುರ್ಕೊಳ್ಳಾಕ ನಿನ್ನ ಮನಿಗೆ ಕಳಸ್ತೇನಿ. ಒಲ್ಲೆ ಅನಬ್ಯಾಡ."

"ಕಳಸ್ರಿ," ಎಂದರು ಹುಸೇನಬಿ. ರಾಟೆ ನಿಲ್ಲಿಸಲೂ ಇಲ್ಲ.

ಮೊದಲ ದಿನ ಲೂರ್ದೆಸ್ ಡಬ್ಬಿ ಹಿಡಿದುಕೊಂಡು ಮಗಳ ಹಿಂದೆ ಹೋದರು. ನಾಚಿಕೆಯೋ ಸಿಟ್ಟೋ, ಹುಸೇನಬಿಯ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತು ತಿಂದು ಬಂದರು. ಗೌರಮ್ಮನ ಕಾಯ್ದೆ ಇನ್ನೂ ಒಂದಿತ್ತು. ತಿಂದು ಬಂದವರು ಹಿತ್ತಲ ಬಾಗಿಲಿನಿಂದ ಬಂದು, ನಳದ ಕೆಳಗೆ ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಗೌರಮ್ಮ ಕೊಟ್ಟ ಎಲೆ-ಅಡಿಕೆ ಅಗಿದ ಮೇಲೆಯೇ ಒಳಗೆ ಬರಬೇಕು. ವಾಸನೆ ಹೋಗಲಿ ಎಂದು ಆ ಎಲೆ-ಅಡಿಕೆ. ಅಗಿಯುವ ತನಕ ಇಬ್ಬರೂ ಹಿತ್ತಲಲ್ಲಿ ಎದುರುಬದುರು ಕೂತಿರುತ್ತಿದ್ದರು, ಒಬ್ಬರು ಕಾವಲು, ಒಬ್ಬರು ಕೈದಿ. ಮರಿಸೆಲ್ ಇದನ್ನು ನೋಡಿ, "ಇದು ಅಮ್ಮನಿಗೆ ಅವಮಾನ," ಎಂದಳು. ಬಾದಾಮಿಯ ಮನೆಯನ್ನು ಯಾರಿಗೂ ಕೊಡಬೇಡಿ ಎಂದು ನನಗೆ ತಾಕೀತು ಮಾಡಿದಳು. ನಾನೂ ಅವಳ ಮಾತೇ ಸರಿ ಎಂದುಕೊಂಡೆ.

ಆಮೇಲೆ ನಡೆದದ್ದನ್ನು ಯಾರೂ ಯೋಜನೆ ಹಾಕಿ ಮಾಡಲಿಲ್ಲ. ಹುಸೇನಬಿಯ ಮನೆಗೆ ಬಂದವರು ಕೈ ಖಾಲಿ ಬಿಟ್ಟು ಕೂರುವ ಪದ್ಧತಿ ಇಲ್ಲ. ಬಂದವರ ಮುಂದೆ ಒಂದು ನೂಲಿನ ಲಡಿ ಬಂದು ಬೀಳುತ್ತದೆ, ಮಾತಾಡುತ್ತಾ ಸಿಕ್ಕು ಬಿಡಿಸಬೇಕು. ಲೂರ್ದೆಸ್ ಮುಂದೆಯೂ ಬಿತ್ತು. ಸಿಕ್ಕು ಬಿಡಿಸಲು ಬರದೆ ಇನ್ನಷ್ಟು ಸಿಕ್ಕು ಮಾಡಿಟ್ಟರಂತೆ. ಹುಸೇನಬಿ ಕಸಿದುಕೊಂಡು ಬೈದರಂತೆ. ಮರುದಿನ ಲೂರ್ದೆಸ್ ಹೊತ್ತಿಗೆ ಮುಂಚೆಯೇ ಹೋದರು, ಸಂಜೆ ಚಹಾದ ಹೊತ್ತಾದರೂ ವಾಪಸು ಬರಲಿಲ್ಲ.

ಒಂದು ದಿನ ನಾನೂ ಮರಿಸೆಲ್ಲೂ ಮಗ್ಗದ ಮನೆಯಿಂದ ಬರುತ್ತಿದ್ದೆವು. ಹುಸೇನಬಿಯ ಮನೆಯಿಂದ ಗದ್ದಲ ಕೇಳಿತು. ಹುಸೇನಬಿ ಮೀನಿಗೆ ಖಾರಪುಡಿ ಹಾಕಿಬಿಟ್ಟಿದ್ದರು. ಲೂರ್ದೆಸ್ ಬಾಣಲೆಯನ್ನು ತೋರಿಸುತ್ತಾ ತಮ್ಮ ಭಾಷೆಯಲ್ಲಿ ಒಂದೇ ಸಮನೆ ಕೂಗುತ್ತಿದ್ದರು. ಹುಸೇನಬಿ, "ಖಾರ ಇಲ್ಲದ ಮೀನು ಯಾವ ಮನಿಷಾ ತಿಂತಾನಬೇ?" ಎಂದು ನಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಜಗಳ ಮಾತ್ರ ಇಬ್ಬರಿಗೂ ಪೂರ್ತಿ ತಿಳಿಯುತ್ತಿತ್ತು. ಮರಿಸೆಲ್ ಓಣಿಯಲ್ಲೇ ನಿಂತುಬಿಟ್ಟಳು. ಕಣ್ಣಲ್ಲಿ ನೀರು.

"ಬಿಡಿಸೋಣವಾ?" ಎಂದೆ.

"ಬೇಡ," ಎಂದಳು. "ಅಪ್ಪ ಹೋದ ಮೇಲೆ ಅಮ್ಮನ ಇಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ."

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಹುಸೇನಬಿ ತಮ್ಮನ ಮಗಳ ಮದುವೆಗೆಂದು ಮನೆಗೆ ಬೀಗ ಹಾಕಿಕೊಂಡು ಕುಷ್ಟಗಿಗೆ ಹೋದರು. ಟಿಕೆಟ್ಟಿನ ದಿನ ಹತ್ತಿರ ಬಂದಿತ್ತು. ಲೂರ್ದೆಸ್ ಮಧ್ಯಾಹ್ನ ಡಬ್ಬಿ ಹಿಡಿದು ಹೋಗಿ, ಬೀಗ ನೋಡಿ ವಾಪಸು ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರುದಿನವೂ ಹಾಗೇ ಆಯಿತು. ಮರಿಸೆಲ್ ನನ್ನನ್ನು ಕರೆಸಿ, "ಶುಕ್ರವಾರ ಹೊರಡುತ್ತೇವೆ, ಕಾರು ಹೇಳಿಬಿಡಿ," ಎಂದಳು. ಮಗ್ಗದವರಿಗೂ ಹೋಗಿ ಹೇಳಿ ಬಂದಳು.

ಗೌರಮ್ಮ ಎಲ್ಲ ನೋಡುತ್ತಿದ್ದರು. ನಾನು ಹೊರಡುವಾಗ ಕೈಯಲ್ಲಿ ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಈರಣ್ಣ, ನಾ ಹುನಗುಂದಕ್ಕ ತಂಗೀ ಮನಿಗೆ ಹೊಂಟೇನಿ. ಎರಡು ದಿನ ಬಿಟ್ಟು ಬರ್ತೇನಿ. ಕೀಲಿಕೈ ಆ ಯಮ್ಮನ ಕೈಯಾಗ ಕೊಟ್ಟೇನಿ, ಒಲಿ ಎಲ್ಲೈತಿ ತೋರಿಸೇನಿ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಕೇಳಿದೆ, "ಮತ್ತ ನಿಮ್ಮ ದೇವರ ಮನಿರಿ?"

"ನನ್ನ ಲಿಂಗ ನನ್ನ ಕೊಳ್ಳಾಗ ಐತಿ, ನನ್ನ ಕೂಡ ಬಸ್ಸಿನ್ಯಾಗ ಬರ್ತೈತಿ. ಇಲ್ಲಿ ಉಳಿಯೂದು ಬರೇ ಗ್ವಾಡಿ. ನಾ ಇಲ್ಲದಾಗ ಏನಾತು ಅಂತ ನಾ ಕೇಳೂದಿಲ್ಲ, ನೀ ಹೇಳಬ್ಯಾಡ."

ಗುರುವಾರ ಸಂಜೆ ಗೌರಮ್ಮ ಬಸ್ಸಿಳಿದು ಬಂದರು. ಮರುದಿನದ ಕಾರಿನ ಮಾತಿಗೆಂದು ನಾನೂ ಅಲ್ಲಿದ್ದೆ. ಅಂಗಳ ಗುಡಿಸಿ ನೀರು ಚಿಮುಕಿಸಿತ್ತು, ಗೌರಮ್ಮ ಮಾಡುವ ಹಾಗೆಯೇ. ಅವರು ಸೀದಾ ಅಡುಗೆಮನೆಗೆ ಹೋದರು. ಮೂಗು ಎಳೆದು ನೋಡಿದರು, ಬಾಣಲೆ ಎತ್ತಿ ನೋಡಿದರು. ಬಾಣಲೆ ಅವರು ಇಟ್ಟುಹೋದಲ್ಲೇ ಇತ್ತು. ಸಿಟ್ಟಿನಿಂದ ಹೊರಗೆ ಬಂದರು.

"ಈಕಿ ಮೀನು ಮಾಡೇ ಇಲ್ಲಲ್ಲೋ ಈರಣ್ಣ! ನಾ ಎರಡು ದಿನ ಆ ತಂಗೀ ಸೊಸೀ ಕೈಯಾಗಿನ ಸಪ್ಪನ ಅಡಗಿ ಸುಮ್ನ ತಿಂದ್ನೇನು? ಕೇಳು ಆಕೀನ್ನ, ಯಾಕ ಮಾಡಲಿಲ್ಲ?"

ನಾನು ಮರಿಸೆಲ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ, ಅವಳು ತಾಯಿಗೆ ಹೇಳಿದಳು. ಲೂರ್ದೆಸ್ ಕಟ್ಟೆಯ ಮೇಲೆ ಕೂತು ಕೀಲಿಕೈಯನ್ನು ಸೆರಗಿಲ್ಲದ ತಮ್ಮ ಅಂಗಿಯ ಜೇಬಿನಿಂದ ತೆಗೆದು ಗೌರಮ್ಮನ ಕೈಗಿಟ್ಟರು. ಆಮೇಲೆ ಉತ್ತರ ಕೊಟ್ಟರು. ಅದು ಅದೇ ದಾರಿಯಲ್ಲಿ ನನ್ನವರೆಗೆ ಬಂತು: ಗಂಡ ಕೊಡಿಸಿದ ಮನೆಯಲ್ಲಿ ಪಕ್ಕದವರ ಹೆಸರೂ ನನಗೆ ಗೊತ್ತಿರಲಿಲ್ಲ. ಈಕೆ ತನ್ನ ಇಡೀ ಮನೆ ನನ್ನ ಕೈಗೆ ಕೊಟ್ಟು ಹೋದಳು. ಕೊಟ್ಟು ಹೋದ ಮನೆಯಲ್ಲಿ ಅವಳಿಗೆ ಆಗದ್ದನ್ನು ಹೇಗೆ ಮಾಡಲಿ?

ಅದನ್ನು ಗೌರಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಲೂರ್ದೆಸ್ ಮಗಳ ಕಡೆ ತಿರುಗಿ, ಹುಸೇನಬಿ ಯಾವಾಗ ಬರುತ್ತಾಳೆ ಎಂದು ಕೇಳಿದರು.

"ಸೋಮವಾರ," ಎಂದಳು ಮರಿಸೆಲ್. "ಆದರೆ ನಾಳೆ ನಮ್ಮ ಟಿಕೆಟ್ ಇದೆ ಅಮ್ಮಾ."

"ನಾಳೆ ನಾನು ಬರುವುದಿಲ್ಲ," ಎಂದರಂತೆ ಲೂರ್ದೆಸ್. "ಸೋಮವಾರ ಬಂದಾಗ ನಾನಿಲ್ಲದಿದ್ದರೆ ಅವಳು ಯಾರ ಜೊತೆ ಜಗಳಾಡಬೇಕು?"

ಮರಿಸೆಲ್ ಇದನ್ನು ನನಗೆ ಎರಡು ಸಲ ಹೇಳಬೇಕಾಯಿತು, ಮೊದಲ ಸಲ ತಮ್ಮ ಭಾಷೆಯಲ್ಲೇ ಹೇಳಿಬಿಟ್ಟಿದ್ದಳು. ಗೌರಮ್ಮ, "ಏನಂತಾಳ, ಏನಂತಾಳ?" ಎಂದು ನನ್ನ ತೋಳು ಅಲುಗಾಡಿಸುತ್ತಿದ್ದರು. ಹೇಳಿದೆ.

ಗೌರಮ್ಮ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಲೂರ್ದೆಸ್ ಪಕ್ಕ ಕೂತರು. "ಸೋಮವಾರತನಕ ನನ್ನ ಕೂಡ ಜಗಳಾ ತಗೀ ಅನ್ನು," ಎಂದರು.

ಇದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮರಿಸೆಲ್ ತಾಯಿಗೆ ಹೇಳಿದಳು. ಲೂರ್ದೆಸ್ ಬೆರಳೆತ್ತಿ ಅಡುಗೆಮನೆಯ ಕಡೆ ತೋರಿಸಿದರು.

"ಹಾಗಾದರೆ ಹೇಳು ಅವಳಿಗೆ. ಎರಡು ದಿನ ಅನ್ನಕ್ಕೆ ಅವಳ ಶೇಂಗಾ ಚಟ್ನಿಪುಡಿ ಹಾಕಿಕೊಂಡು ತಿಂದೆ. ಉಪ್ಪು ಬಹಳ ಹೆಚ್ಚು."

ನಾನು ಒಂದಕ್ಷರ ಬಿಡದೆ ತಿರುಗಿಸಿ ಹೇಳಿದೆ.